ಉತ್ತರ ಕೇಳುವ ಗಂಟೆ

2012ರ ಆಗಸ್ಟ್ 1ರ ಬೆಳಿಗ್ಗೆ ನ್ಯೂಯಾರ್ಕಿನ ಷೇರುಪೇಟೆ ಇನ್ನೂ ಬಾಗಿಲು ತೆರೆದಿರಲಿಲ್ಲ. ನೈಟ್ ಕ್ಯಾಪಿಟಲ್ ಎಂಬ ದೊಡ್ಡ ಷೇರು ವಹಿವಾಟು ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆ ತನ್ನೊಳಗೆ ಏನೋ ಎಡವಟ್ಟಾಗಿದೆ ಎಂದು ಎಂಟು ಗಂಟೆಯಿಂದಲೇ ಹೇಳತೊಡಗಿತ್ತು. ಒಂಬತ್ತೂವರೆಗೆ ಪೇಟೆ ತೆರೆಯುವಷ್ಟರಲ್ಲಿ ಸಿಬ್ಬಂದಿಯ ಒಂದು ಗುಂಪಿಗೆ 97 ಇ-ಮೇಲ್‌ಗಳು ಹೋಗಿದ್ದವು. ವರ್ಷಗಳ ಹಿಂದೆಯೇ ಬಳಕೆ ನಿಲ್ಲಿಸಿದ್ದ ಒಂದು ಪ್ರೋಗ್ರಾಮಿನ ಹೆಸರು ಅವುಗಳಲ್ಲಿತ್ತು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ಬಿಟ್ಟುಹೋಗಿ, ಆ ಹಳೆಯ ಪ್ರೋಗ್ರಾಂ ಮತ್ತೆ ಜೀವ ಪಡೆದಿತ್ತು. ಪೇಟೆ ತೆರೆದ 45 ನಿಮಿಷಗಳಲ್ಲಿ ಅದು ಅಂಕೆಯಿಲ್ಲದೆ ಖರೀದಿ, ಮಾರಾಟದ ಆರ್ಡರ್‌ಗಳನ್ನು ಕಳಿಸಿ ಸಂಸ್ಥೆಗೆ 46 ಕೋಟಿ ಡಾಲರ್‌ಗೂ ಮಿಕ್ಕಿದ ನಷ್ಟ ತಂದಿತು. ಮರುವರ್ಷ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಹೊರಡಿಸಿದ ಆದೇಶದಲ್ಲಿ ಈ ಇ-ಮೇಲ್‌ಗಳ ಪ್ರಸ್ತಾಪವಿದೆ. ಅವನ್ನು ಎಚ್ಚರಿಕೆಯ ಸಂದೇಶಗಳೆಂದು ರೂಪಿಸಿರಲೇ ಇಲ್ಲ, ಬಂದಾಗ ತೆರೆದು ನೋಡುವ ರೂಢಿಯೂ ಸಿಬ್ಬಂದಿಗಿರಲಿಲ್ಲ ಎನ್ನುತ್ತದೆ ಆ ಆದೇಶ. ಯಂತ್ರ ಹೇಳಬೇಕಾದ್ದನ್ನು ಹೇಳಿತ್ತು. ಅದನ್ನು ಕೇಳಿಸಿಕೊಳ್ಳುವುದು ಯಾರ ಕೆಲಸ ಎಂಬುದನ್ನು ಯಾರೂ ಗೊತ್ತುಮಾಡಿರಲಿಲ್ಲ.

ಸರ್ವರ್ ಕೈಕೊಟ್ಟಾಗ ನಿಗಾ ವ್ಯವಸ್ಥೆ ತಾನೇ ಫೋನ್ ಮಾಡಿ ಎಂಜಿನಿಯರನ್ನು ಎಬ್ಬಿಸುವ ಏರ್ಪಾಡು ಇವತ್ತು ಐಟಿ ಲೋಕದಲ್ಲಿ ಮಾಮೂಲು. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ಚರಿತ್ರೆಯಾಗಿ ಹೇಳುತ್ತಾರೆ: ತಂತಿ ಬಂತು, ಟೆಲಿಫೋನ್ ಬಂತು, ಪೇಜರ್ ಬಂತು, ಮೊಬೈಲ್ ಬಂತು, ಸುದ್ದಿ ಬೇಗ ಮುಟ್ಟಿತು. ನನಗೆ ಈ ನಿರೂಪಣೆ ಒಪ್ಪಿಗೆಯಾಗುವುದಿಲ್ಲ. ನೈಟ್ ಕ್ಯಾಪಿಟಲ್‌ನ 97 ಇ-ಮೇಲ್‌ಗಳು ಕ್ಷಣಮಾತ್ರದಲ್ಲಿ ತಲುಪಿದ್ದವು. ಫೋನ್ ಕರೆಯ ಬಲವಿರುವುದು ಅದು ಉತ್ತರ ಕೇಳುತ್ತದೆ ಎಂಬುದರಲ್ಲಿ. ಕರೆದವರಿಗೆ ಎತ್ತಿದರೋ ಇಲ್ಲವೋ ಗೊತ್ತಾಗುತ್ತದೆ, ಎತ್ತದಿದ್ದರೆ ಮತ್ತೊಬ್ಬರನ್ನು ಕರೆಯಬಹುದು. ಈ ತಿಳಿವಳಿಕೆಯನ್ನು ಮನುಷ್ಯರು ಕಂಪ್ಯೂಟರ್ ಹುಟ್ಟುವ ಮೊದಲೇ, ಬೆಂಕಿ ಮತ್ತು ಸಾವಿನ ನಡುವೆ ಗಳಿಸಿದ್ದರು. ಐಟಿ ಲೋಕ ಅದನ್ನು ಇ-ಮೇಲ್‌ನ ಅಗ್ಗದ ಅನುಕೂಲಕ್ಕೆ ಮಾರುಹೋಗಿ ಮರೆಯಿತು, ನಷ್ಟ ಕಟ್ಟಿ ಮತ್ತೆ ಕಲಿಯಿತು.

ಮೊದಲು ಬೆಂಕಿಯ ಮಾತು. ವೈದ್ಯ ವಿಲಿಯಂ ಚಾನಿಂಗ್ ಮತ್ತು ವಿದ್ಯುತ್ ತಂತ್ರಜ್ಞ ಮೋಸೆಸ್ ಫಾರ್ಮರ್ 1852ರಲ್ಲಿ ಬಾಸ್ಟನ್ ನಗರದಲ್ಲಿ ಅಗ್ನಿ ಎಚ್ಚರಿಕೆಯ ಟೆಲಿಗ್ರಾಫ್ ಜಾಲ ಕಟ್ಟಿದರು. ಬೀದಿಗಳಲ್ಲಿ ಪೆಟ್ಟಿಗೆಗಳು, ಪೆಟ್ಟಿಗೆಯೊಳಗೆ ಒಂದು ಹಿಡಿ. ಹಿಡಿಯನ್ನು ತಿರುವಿದರೆ ಹಲ್ಲು ಕೊರೆದ ಚಕ್ರ ತಿರುಗಿ ಪೆಟ್ಟಿಗೆಯ ಸಂಖ್ಯೆ ಕೇಂದ್ರ ಕಚೇರಿಗೆ ಹೋಗುತ್ತಿತ್ತು. ಒಂದೇ ಹದದಲ್ಲಿ ತಿರುವಬೇಕು, ಗಾಬರಿಯಲ್ಲಿ ರಭಸವಾಗಿ ತಿರುವಿದರೆ ಸಂಕೇತ ಕಲಸಿಹೋಗಿ ಕಚೇರಿಯವರಿಗೆ ಅರ್ಥವಾಗುತ್ತಿರಲಿಲ್ಲ. ಪೆಟ್ಟಿಗೆಗಳಿಗೆ ಬೀಗವಿತ್ತು, ಕೀಲಿ ನಂಬಿಕಸ್ಥರ ಕೈಯಲ್ಲಿ. ಯಾರು ಬೇಕಾದರೂ ಯಾವಾಗ ಬೇಕಾದರೂ ಗಂಟೆ ಹೊಡೆದರೆ ಕೊನೆಗೆ ಯಾರೂ ಓಡಿಬರುವುದಿಲ್ಲ ಎಂಬ ಅಂಜಿಕೆ ಆ ಬೀಗದ ಹಿಂದಿತ್ತು. ಬೀಗದಿಂದ ತಡವಾಗಿ ಮನೆಗಳು ಸುಟ್ಟದ್ದೂ ಉಂಟು. ಕರೆಯ ಬೆಲೆ ಉಳಿಸುವುದೋ, ಕರೆಯುವುದನ್ನು ಸುಲಭ ಮಾಡುವುದೋ ಎಂಬ ಜಗ್ಗಾಟ ಅಲ್ಲಿಂದ ಇವತ್ತಿನವರೆಗೂ ಮುಗಿದಿಲ್ಲ. ಇದೇ ಕಾಲಕ್ಕೆ, 1853ರಲ್ಲಿ, ಸಿನ್ಸಿನಾಟಿ ನಗರ ಪೂರ್ತಿ ಸಂಬಳದ ಅಗ್ನಿಶಾಮಕ ದಳವನ್ನು ಕಟ್ಟಿತು. ಅಲ್ಲಿಯವರೆಗೆ ಬೆಂಕಿ ಆರಿಸುತ್ತಿದ್ದವರು ಸ್ವಯಂಸೇವಕರು. ಗಂಟೆ ಹೊಡೆದಾಗ ಬರಲೇಬೇಕಾದವರು ಇಂಥವರೇ ಎಂದು ನಗರವೊಂದು ಸಂಬಳ ಕೊಟ್ಟು ಗೊತ್ತುಮಾಡಿದ್ದು, ತಂತಿ ಎಳೆದದ್ದಕ್ಕಿಂತ ದೊಡ್ಡ ಹೆಜ್ಜೆ ಎಂದು ನಾನು ಭಾವಿಸುತ್ತೇನೆ. ತಂತಿಯೊಂದೇ ಸಾಲದು ಎಂಬುದು 1871ರ ಅಕ್ಟೋಬರ್ 8ರ ರಾತ್ರಿ ಷಿಕಾಗೋದಲ್ಲಿ ಸಾಬೀತಾಯಿತು. ಗೋಪುರದ ಕಾವಲುಗಾರ ಬೆಂಕಿಯ ಜಾಗವನ್ನು ತಪ್ಪಾಗಿ ಅಂದಾಜಿಸಿ ದೂರದ ಪೆಟ್ಟಿಗೆಯ ಸಂಖ್ಯೆ ಹೊಡೆಸಿದರು. ತಪ್ಪು ತಿಳಿದು, ಹತ್ತಿರದ ಪೆಟ್ಟಿಗೆಯ ಸಂಖ್ಯೆ ಹೊಡೆಯಲು ಹೇಳಿದರೆ, ಟೆಲಿಗ್ರಾಫ್ ಆಪರೇಟರ್ ಗೊಂದಲವಾದೀತೆಂದು ಒಪ್ಪಲಿಲ್ಲ. ಆ ಬೆಂಕಿ ನಗರದ ಹೃದಯಭಾಗವನ್ನೇ ನುಂಗಿತು.

ಲಂಡನ್ನಿನ ತುರ್ತು ಕರೆ ಸಂಖ್ಯೆ 999ರ ಕಥೆ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. 1935ರ ನವೆಂಬರ್ 10ರಂದು ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ನೆರೆಯವರೊಬ್ಬರು ಟೆಲಿಫೋನ್ ಎತ್ತಿಕೊಂಡು ಎಕ್ಸ್‌ಚೇಂಜಿಗೆ ಕರೆ ಮಾಡಿದ್ದರು. ಉತ್ತರ ಬರಲಿಲ್ಲ. ಸೊನ್ನೆ ಡಯಲ್ ಮಾಡಿ ಆಪರೇಟರನ್ನು ಕೇಳುವ ಎಲ್ಲರ ಕರೆಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು. ಊರಿಗೆ ಟ್ರಂಕ್ ಕಾಲ್ ಕೇಳುವವರ ಹಿಂದೆ ಬೆಂಕಿಯ ಸುದ್ದಿಯೂ ಕಾದಿತ್ತು. ಸಿಟ್ಟಿಗೆದ್ದ ಆ ನೆರೆಯವರು ‘ಟೈಮ್ಸ್’ ಪತ್ರಿಕೆಗೆ ಪತ್ರ ಬರೆದರು, ವಿಚಾರಣೆ ನಡೆಯಿತು, 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಜಾರಿಗೆ ಬಂತು. ಈ ಸಂಖ್ಯೆ ಡಯಲ್ ಮಾಡಿದರೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹತ್ತಿ ದೊಡ್ಡ ಹಾರ್ನ್ ಕೂಗುತ್ತಿತ್ತು. ಆ ಕೂಗು ಎಷ್ಟು ಕರ್ಕಶವಾಗಿತ್ತೆಂದರೆ ಆಪರೇಟರ್‌ಗಳು ಅದರ ಬಾಯಿಗೆ ಟೆನಿಸ್ ಚೆಂಡು ತುರುಕಿ ಸದ್ದು ತಗ್ಗಿಸಿದರಂತೆ. ಇಲ್ಲಿ ಟೆಲಿಫೋನ್ ಹೊಸದಲ್ಲ, ತಂತಿ ಹೊಸದಲ್ಲ, ಕರೆ ಸಾಗುವ ವೇಗವೂ ಮೊದಲಿನದೇ. ಬದಲಾದದ್ದು ಒಂದೇ: ಕೆಲವು ಕರೆಗಳು ಉಳಿದವಕ್ಕಿಂತ ಮೇಲೆಂದೂ, ಅವಕ್ಕೆ ಕೈಯಲ್ಲಿರುವ ಕೆಲಸ ಬಿಟ್ಟು ಉತ್ತರ ಕೊಡಬೇಕೆಂದೂ ಕಟ್ಟಳೆಯಾಯಿತು. ಇಂದು ಐಟಿಯವರು ‘ಪಿ ಒನ್’ ಎಂದು ಕೂಗುವ ಆದ್ಯತೆಯ ಹುಟ್ಟು ಅಂಥ ಕೆಂಪು ದೀಪಗಳಲ್ಲಿದೆ.

ಪೇಜರ್ ಬಂದದ್ದು ಇದಕ್ಕೆ ಒಂದು ರೀತಿಯ ಹಿನ್ನಡೆಯಾಗಿ. ಅಲ್ ಗ್ರಾಸ್ 1949ರಲ್ಲಿ ರೂಪಿಸಿದ ಪೇಜರ್ ಮರುವರ್ಷ ನ್ಯೂಯಾರ್ಕಿನ ಜ್ಯೂಯಿಷ್ ಆಸ್ಪತ್ರೆಯಲ್ಲಿ ಬಳಕೆಗೆ ಬಂತು. ವೈದ್ಯರು ಎಲ್ಲಿದ್ದರೂ ಕರೆಯಬಹುದಾಯಿತು, ನಿಜ. ಆದರೆ ಅದು ಒಮ್ಮುಖದ ಸಾಧನ. ಸಂದೇಶ ಸೊಂಟದಲ್ಲಿ ಮಿಡಿಯಿತೋ ಗಾಳಿಯಲ್ಲಿ ಕಳೆದುಹೋಯಿತೋ ಕಳಿಸಿದವರಿಗೆ ತಿಳಿಯುವಂತಿರಲಿಲ್ಲ. ಆಸ್ಪತ್ರೆಗಳು ಈ ಕೊರತೆಯನ್ನು ಶಿಸ್ತಿನಿಂದ ತುಂಬಿಕೊಂಡವು. ಪೇಜ್ ಬಂದರೆ ವೈದ್ಯರು ಹತ್ತಿರದ ಫೋನಿನಿಂದ ತಿರುಗಿ ಕರೆ ಮಾಡಬೇಕು, ಮಾಡದಿದ್ದರೆ ಮುಂದಿನವರಿಗೆ ಪೇಜ್. ಈ ಶಿಸ್ತು ಎಷ್ಟು ಅಗತ್ಯವೆಂಬುದು 1998ರ ಮೇ 19ರಂದು ಗ್ಯಾಲಕ್ಸಿ 4 ಎಂಬ ಉಪಗ್ರಹ ಕೈಕೊಟ್ಟಾಗ ಗೊತ್ತಾಯಿತು. ಅಮೆರಿಕದ ಪೇಜರ್‌ಗಳಲ್ಲಿ ಸುಮಾರು ಶೇ. 80ರಷ್ಟು ಅಂದು ಒಮ್ಮೆಗೇ ಮೂಕವಾದವು. ಮೂಕವಾದ ಪೇಜರಿಗೂ ಸುದ್ದಿಯಿಲ್ಲದೆ ಸುಮ್ಮನಿರುವ ಪೇಜರಿಗೂ ನೋಟದಲ್ಲಿ ವ್ಯತ್ಯಾಸವೇ ಇಲ್ಲ.

ಕಂಪ್ಯೂಟರ್ ನಿಗಾ ವ್ಯವಸ್ಥೆಗಳು ತಲೆಯೆತ್ತಿದ್ದು ಇದೇ ವರ್ಷಗಳಲ್ಲಿ. ಈಥನ್ ಗ್ಯಾಲ್‌ಸ್ಟಾಡ್ 1999ರಲ್ಲಿ ಬಿಡುಗಡೆ ಮಾಡಿ, 2002ರಲ್ಲಿ ನಾಗಿಯೋಸ್ ಎಂದು ಹೆಸರು ಬದಲಿಸಿದ ಮುಕ್ತ ತಂತ್ರಾಂಶ ಸಾವಿರಾರು ಕಚೇರಿಗಳ ಕಾವಲಿಗೆ ನಿಂತಿತು. ಅದರಲ್ಲಿ ಒಬ್ಬ ವ್ಯಕ್ತಿಯ ವಿವರ ಬರೆಯುವಾಗ ಇ-ಮೇಲ್ ವಿಳಾಸಕ್ಕೊಂದು ಸಾಲು, ಪೇಜರಿಗೊಂದು ಸಾಲು ಇರುತ್ತಿತ್ತು. ಪೇಜರಿಗೆ ಹೋಗುತ್ತಿದ್ದುದೂ ಸಾಮಾನ್ಯವಾಗಿ ಒಂದು ಪುಟ್ಟ ಇ-ಮೇಲೇ. ಆ ತಂತ್ರಾಂಶದಲ್ಲಿ ನಾನು ಮೆಚ್ಚುವ ಒಂದು ವಿವೇಕವಿದೆ. ಸರ್ವರ್ ಒಮ್ಮೆ ಉತ್ತರಿಸದಿದ್ದರೆ ಅದು ಕೂಗೆಬ್ಬಿಸುವುದಿಲ್ಲ. ಅದನ್ನು ಮೆದು ಸ್ಥಿತಿ ಎಂದು ಬರೆದುಕೊಂಡು ಗೊತ್ತುಮಾಡಿದಷ್ಟು ಸಲ ಮತ್ತೆ ಪರೀಕ್ಷಿಸಿ, ಆಗಲೂ ಉತ್ತರ ಬಾರದಿದ್ದರೆ ಮಾತ್ರ ಗಟ್ಟಿ ಸ್ಥಿತಿ ಎಂದು ತೀರ್ಮಾನಿಸಿ ಜನರನ್ನು ಕರೆಯುತ್ತದೆ. ಆದರೆ ಆ ಕರೆ ಇ-ಮೇಲ್ ಆಗಿದ್ದರಿಂದ, ಕೇಳಿತೇ ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದನ್ನು ಬಗೆಹರಿಸಲು ಸಿಸ್ಟಂ ಅಡ್ಮಿನ್‌ಗಳು ಕೈಯಾರೆ ಉಪಾಯಗಳನ್ನು ಹೂಡಿದರು. ಸರ್ವರಿನ ಬೆನ್ನಿಗೆ ಸಿಮ್ ಹಾಕಿದ ಜಿಎಸ್‌ಎಂ ಮೋಡೆಮ್ ಕಟ್ಟುವುದು ಒಂದು. ಎಟಿಡಿ ಎಂಬ ಮೂರಕ್ಷರ, ಅದರ ಹಿಂದೆ ಮೊಬೈಲ್ ನಂಬರು, ಕೊನೆಗೊಂದು ಅರ್ಧವಿರಾಮ ಚಿಹ್ನೆ ಕಳಿಸಿದರೆ ಮೋಡೆಮ್ ಧ್ವನಿ ಕರೆ ಮಾಡುತ್ತದೆ. ಆ ಚಿಹ್ನೆ ಮರೆತರೆ ಅದನ್ನು ಡೇಟಾ ಕರೆ ಎಂದುಕೊಳ್ಳುತ್ತದೆ. ಇನ್ನೊಂದು, ಆಸ್ಟರಿಸ್ಕ್ ಎಂಬ ಟೆಲಿಫೋನ್ ತಂತ್ರಾಂಶ. ಯಾವ ನಂಬರಿಗೆ, ಎಷ್ಟು ಸೆಕೆಂಡು ರಿಂಗ್, ಎತ್ತದಿದ್ದರೆ ಎಷ್ಟು ಹೊತ್ತು ಬಿಟ್ಟು ಎಷ್ಟು ಸಲ ಮತ್ತೆ ಎಂದು ಕೆಲವೇ ಸಾಲಿನ ಫೈಲ್ ಬರೆದು ಅದರ ಫೋಲ್ಡರಿಗೆ ಹಾಕಿದರೆ ಸಾಕು. ಫೈಲನ್ನು ಬೇರೆಡೆ ಪೂರ್ತಿ ಬರೆದು ಆಮೇಲೆ ಸಾಗಿಸಬೇಕು, ಅಲ್ಲೇ ಬರೆಯುತ್ತ ಕೂತರೆ ಅರ್ಧ ಬರೆದದ್ದನ್ನೇ ಓದಿ ಡಯಲ್ ಮಾಡಲು ಹೊರಡುತ್ತದೆ. ಮತ್ತೆ ಎಷ್ಟು ಸಲ ಎಂಬ ಸಾಲನ್ನು ಬರೆಯದಿದ್ದರೆ ಅದು ಒಂದೇ ಬಾರಿ ಕರೆದು ಸುಮ್ಮನಾಗುತ್ತದೆ. ಈ ಒಂದು ಸಾಲಿನಲ್ಲಿ ನೂರು ವರ್ಷಗಳ ಅನುಭವ ಅಡಗಿದೆ.

ಇ-ಮೇಲ್ ಮೇಲಿನ ಭರವಸೆ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆ ತಾನೇ ಬಹಿರಂಗವಾಗಿ ಬರೆದ ವರದಿ ಒಳ್ಳೆಯ ಸಾಕ್ಷಿ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಅದು ಬಹಳ ದಿನಗಳಿಂದ ಆಗಿರಲೇ ಇಲ್ಲ. ಬ್ಯಾಕಪ್ ವಿಫಲವಾದಾಗಲೆಲ್ಲ ವ್ಯವಸ್ಥೆ ಇ-ಮೇಲ್ ಕಳಿಸಿತ್ತು. ಆ ಇ-ಮೇಲ್‌ಗಳಿಗೆ ಸರಿಯಾದ ದೃಢೀಕರಣವಿಲ್ಲವೆಂದು ಸ್ವೀಕರಿಸುವ ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಆ ತಿರಸ್ಕಾರ ಕೂಡ ಯಾರ ಗಮನಕ್ಕೂ ಬರಲಿಲ್ಲ. ಗ್ಯಾಲಕ್ಸಿ ಉಪಗ್ರಹದ ಕೆಳಗಿನ ಪೇಜರ್‌ಗಳಂತೆ ಇಲ್ಲಿಯೂ ಮೌನವನ್ನು ಕ್ಷೇಮಸಮಾಚಾರವೆಂದು ಓದಿಕೊಳ್ಳಲಾಗಿತ್ತು.

2009ರಲ್ಲಿ ಟೊರಾಂಟೊದಲ್ಲಿ ಶುರುವಾದ ಪೇಜರ್‌ಡ್ಯೂಟಿ ಮಾಡಿದ್ದು ಆಸ್ಪತ್ರೆಯ ಹಳೆಯ ಶಿಸ್ತನ್ನು ಯಂತ್ರಕ್ಕೆ ಕಲಿಸುವ ಕೆಲಸ. ಅದರ ಸಂಸ್ಥಾಪಕರು ಅಮೆಜಾನಿನಲ್ಲಿ ದುಡಿದು ಬಂದ ಎಂಜಿನಿಯರರು. ಅಮೆಜಾನಿನ ವರ್ನರ್ ವೋಗಲ್ಸ್ 2006ರ ಸಂದರ್ಶನವೊಂದರಲ್ಲಿ, ತಂತ್ರಾಂಶ ಬರೆದವರೇ ಅದನ್ನು ನಡೆಸಬೇಕು ಎಂಬ ತಮ್ಮ ಸಂಸ್ಥೆಯ ನಿಯಮವನ್ನು ವಿವರಿಸಿದ್ದರು. ಆ ನಿಯಮದಂತೆ ಕೋಡ್ ಬರೆದವರ ಸೊಂಟಕ್ಕೇ ಪೇಜರ್ ಬಂತು. ಹೊಸ ವ್ಯವಸ್ಥೆಯಲ್ಲಿ ಯಾವ ವಾರ ಯಾರು ಆನ್ ಕಾಲ್ ಎಂಬ ಪಟ್ಟಿ ಇರುತ್ತದೆ. ಯಂತ್ರ ಅವರಿಗೆ ಫೋನ್ ಮಾಡಿ ಏನು ಕೆಟ್ಟಿದೆ ಎಂದು ಓದಿ ಹೇಳಿ, ಒಂದು ಅಂಕಿ ಒತ್ತಿ ಒಪ್ಪಿಕೊಳ್ಳಿ ಎನ್ನುತ್ತದೆ. ಫೋನ್ ಎತ್ತಿದರಷ್ಟೇ ಸಾಲದು, ಏಕೆಂದರೆ ವಾಯ್ಸ್‌ಮೇಲ್ ಕೂಡ ಎತ್ತುತ್ತದೆ. ಅಂಕಿ ಒತ್ತದಿದ್ದರೆ ನಿಗದಿಯಾದ ನಿಮಿಷಗಳ ನಂತರ ಎರಡನೆಯವರಿಗೆ, ಆಮೇಲೆ ಮ್ಯಾನೇಜರಿಗೆ. ನಮ್ಮ ಹೊಲಗಳಲ್ಲಿಯೂ ಇದೇ ತರ್ಕ ಕೆಲಸ ಮಾಡುತ್ತಿದೆ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದೊಡನೆ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ರೈತರಿಗೆ ಕರೆ ಮಾಡುತ್ತದೆ. ಅವರು ಮಲಗಿದಲ್ಲೇ ಅಂಕಿ ಒತ್ತಿ ಮೋಟಾರ್ ಚಾಲೂ ಮಾಡುತ್ತಾರೆ. ಎಸ್ಸೆಮ್ಮೆಸ್ ಬಂದಿದ್ದರೆ ಬೆಳಿಗ್ಗೆ ಓದುತ್ತಿದ್ದರು, ಅಷ್ಟರಲ್ಲಿ ಕರೆಂಟ್ ಹೋಗಿರುತ್ತಿತ್ತು.

ಇವತ್ತು ಆ್ಯಪ್ ಇದೆ, ಚಾಟ್ ಗುಂಪುಗಳಿವೆ, ಅಲ್ಲಿಯೂ ಒಪ್ಪಿಗೆಯ ಗುಂಡಿ ಇದೆ, ಹಳೆಯ ಕಾಲದ ಕರೆ ಏಕೆ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ, ಹಗಲು ಹೊತ್ತಿನ ಸಣ್ಣಪುಟ್ಟ ತೊಂದರೆಗೆ ಚಾಟ್ ಸಂದೇಶವೇ ಮೇಲು. ಆದರೆ ಆ್ಯಪಿಗೆ ಡೇಟಾ ಬೇಕು, ಎಚ್ಚರವಿರುವ ಕಣ್ಣು ಬೇಕು. ಎಸ್ಸೆಮ್ಮೆಸ್ಸಿಗೆ ನಡುವಿನ ಹಲವರ ಕೃಪೆ ಬೇಕು: 2021ರ ಮಾರ್ಚ್ 8ರಂದು ಟೆಲಿಕಾಂ ನಿಯಂತ್ರಕ ಟ್ರಾಯ್‌ನ ಹೊಸ ನಿಯಮದಂತೆ ನೋಂದಾಯಿಸದ ಮಾದರಿಯ ಸಂದೇಶಗಳನ್ನು ತಡೆಯಲು ಹೊರಟಾಗ ದೇಶದಾದ್ಯಂತ ಬ್ಯಾಂಕುಗಳ ಒಟಿಪಿಗಳೇ ನಿಂತುಹೋದವು, ಮರುದಿನ ನಿಯಮವನ್ನು ಒಂದು ವಾರ ತಡೆಹಿಡಿಯಬೇಕಾಯಿತು. ಕರೆಯೂ ಸೋಲಬಹುದು, ಆದರೆ ಸೋತದ್ದು ಕರೆದವರಿಗೆ ಆ ನಿಮಿಷವೇ ಗೊತ್ತಾಗುತ್ತದೆ. ಯಂತ್ರವೇ ತನ್ನನ್ನು ರಿಪೇರಿ ಮಾಡಿಕೊಳ್ಳುವ ಕಾಲ ಇದು, ಮನುಷ್ಯರನ್ನೇಕೆ ಎಬ್ಬಿಸಬೇಕು ಎನ್ನುವವರಿಗೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿ ಬರೆದ ಪ್ರಬಂಧದಲ್ಲಿ ಉತ್ತರವಿದೆ. ಸುಲಭದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಷ್ಟೂ ಮನುಷ್ಯರ ಪಾಲಿಗೆ ಉಳಿಯುವುದು ಕಷ್ಟದ್ದು. ಅದನ್ನು ನಿಭಾಯಿಸುವ ಅಭ್ಯಾಸವೂ ಅವರಿಗೆ ತಪ್ಪಿಹೋಗಿರುತ್ತದೆ ಎಂದು ಆಕೆ ತೋರಿಸಿಕೊಟ್ಟರು.

ಎಲ್ಲಕ್ಕಿಂತ ತೂಕದ ಆಕ್ಷೇಪ ಕರೆಗಳು ಮನುಷ್ಯರನ್ನು ಹಣ್ಣುಮಾಡುತ್ತವೆ ಎಂಬುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ತೈಲ ಸಂಸ್ಕರಣಾಗಾರ ಸ್ಫೋಟಿಸುವ ಮುಂಚಿನ ಕೊನೆಯ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂಗಳು ಬಂದು ಬಿದ್ದಿದ್ದವು. ಅಷ್ಟನ್ನೂ ಓದಿ ಅರ್ಥಮಾಡಿಕೊಳ್ಳುವುದು ಯಾರಿಂದಲೂ ಆಗದ ಮಾತು. ಆ ದುರಂತದ ನಂತರ, 1999ರಲ್ಲಿ ಬ್ರಿಟನ್ನಿನ ಕೈಗಾರಿಕೆಗಳಿಗಾಗಿ ಹೊರಬಂದ ಮಾರ್ಗಸೂಚಿ ಹತ್ತು ನಿಮಿಷಕ್ಕೆ ಒಂದು ಅಲಾರಂ ಎಂಬುದನ್ನು ತಾಳಿಕೊಳ್ಳಬಹುದಾದ ಸರಾಸರಿಯೆಂದು ಇಟ್ಟುಕೊಂಡಿತು. ಗೂಗಲ್‌ನ ಎಂಜಿನಿಯರರು 2016ರಲ್ಲಿ ಪ್ರಕಟಿಸಿದ ಪುಸ್ತಕ ಆನ್ ಕಾಲ್‌ನ ಒಂದು ಪಾಳಿಗೆ ಎರಡಕ್ಕಿಂತ ಹೆಚ್ಚು ಅವಘಡಗಳು ಬರಬಾರದು ಎನ್ನುತ್ತದೆ. ಬಾಸ್ಟನ್ನಿನ ಬೀಗ ಹಾಕಿದ ಪೆಟ್ಟಿಗೆಯ ಹಿಂದಿದ್ದ ಚಿಂತೆಯೇ ಇಲ್ಲಿ ಲೆಕ್ಕದ ರೂಪ ತಾಳಿದೆ. ಈಗಲೇ, ಈ ವ್ಯಕ್ತಿಯೇ, ಕೈಯಿಟ್ಟು ಮಾಡಬೇಕಾದ ಕೆಲಸವಿದ್ದರೆ ಮಾತ್ರ ಕರೆ, ಡಿಸ್ಕ್ ಶೇ. 80 ತುಂಬಿದೆ ಎಂಬುದು ಬೆಳಿಗ್ಗೆಯ ಟಿಕೆಟ್ಟಿಗೆ ಸೇರಬೇಕಾದ ಸಂಗತಿ. ಆದ್ದರಿಂದ ಈ ಆಕ್ಷೇಪ ಕರೆಯ ವಿರುದ್ಧದ್ದಲ್ಲ, ಯೋಚಿಸದೆ ಎಲ್ಲಕ್ಕೂ ಕರೆ ಜೋಡಿಸುವವರ ವಿರುದ್ಧದ್ದು.

ಕರೆ ಮುಟ್ಟಿದರೂ ಕೆಲಸ ಕೆಡಬಹುದು ಎಂಬುದಕ್ಕೆ 2003ರ ಆಗಸ್ಟ್ 14 ಸಾಕ್ಷಿ. ಅಂದು ಮಧ್ಯಾಹ್ನ ಎರಡೂಕಾಲರ ಸುಮಾರಿಗೆ ಒಹಾಯೋದ ಫಸ್ಟ್‌ಎನರ್ಜಿ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಅಲಾರಂ ತಂತ್ರಾಂಶ ಸದ್ದಿಲ್ಲದೆ ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಸರ್ವರ್ ಕೂಡ ಬಿತ್ತು, ಐಟಿ ಸಿಬ್ಬಂದಿಗೆ ತಾನಾಗಿ ಪೇಜ್ ಹೋಯಿತು, ಅವರು ಎಚ್ಚೆತ್ತು ಸರ್ವರನ್ನು ಮತ್ತೆ ಎಬ್ಬಿಸಿದರು ಕೂಡ. ಆದರೆ ಪರದೆಯ ಮುಂದೆ ಕೂತು ಗ್ರಿಡ್ ನಡೆಸುತ್ತಿದ್ದವರಿಗೆ ನಿಮ್ಮ ಅಲಾರಂ ಕೆಟ್ಟಿದೆ ಎಂದು ಅವರು ಹೇಳಲಿಲ್ಲ. ವಿದ್ಯುತ್ ಮಾರ್ಗಗಳು ಒಂದೊಂದಾಗಿ ಕಡಿತಗೊಳ್ಳುತ್ತಿದ್ದ ಸುದ್ದಿ ಆ ಕೊಠಡಿಗೆ ಬಂದದ್ದು ಹೊರಗಿನವರ ಫೋನ್ ಕರೆಗಳಿಂದ, ಅದನ್ನು ನಂಬಲು ಅವರು ಹಿಂಜರಿದರು. ಸಂಜೆ ನಾಲ್ಕು ಗಂಟೆ ದಾಟುವಷ್ಟರಲ್ಲಿ ಅಮೆರಿಕ, ಕೆನಡಾದ ಸುಮಾರು 5 ಕೋಟಿ ಜನ ಕತ್ತಲಿಗೆ ಬಿದ್ದರು. ಪೇಜ್ ಸರಿಯಾದ ಹೊತ್ತಿಗೆ ಬಂದಿತ್ತು. ಅದಕ್ಕೆ ಉತ್ತರಿಸುವುದೆಂದರೆ ಸರ್ವರ್ ಎಬ್ಬಿಸುವುದಷ್ಟೇ ಅಲ್ಲ, ಅದನ್ನು ನೆಚ್ಚಿ ಕೂತವರಿಗೆ ತಿಳಿಸುವುದೂ ಹೌದು ಎಂದು ಯಾರೂ ಬರೆದಿಟ್ಟಿರಲಿಲ್ಲ.

ಹಾಗಾಗಿ ಫೋನ್ ಕರೆಯ ಎಚ್ಚರಿಕೆಯನ್ನು ನಾನು ಒಂದು ಕರಾರು ಎಂದೇ ಓದುತ್ತೇನೆ, ಮತ್ತು ಕರಾರಿಗೆ ಎರಡು ಕಡೆ ಇರಬೇಕು. ಅಮೆರಿಕ ಮಲಗಿದಾಗ ಎಚ್ಚರವಿರುವ ಕೆಲಸವನ್ನು ವರ್ಷಗಳಿಂದ ಹೊತ್ತಿರುವ ಬೆಂಗಳೂರಿನಲ್ಲಿ ಒಂದು ಕಡೆ ಮಾತ್ರ ಗಟ್ಟಿಯಾಗಿದೆ. ಎಲ್ ಒನ್, ಎಲ್ ಟೂ ಎಂಬ ಮೆಟ್ಟಿಲುಗಳು, ಬ್ರಿಡ್ಜ್ ಕಾಲ್, ಎಸ್ಕಲೇಶನ್ ಎಲ್ಲವೂ ನಿಮಿಷದ ಲೆಕ್ಕದಲ್ಲಿ ಬರೆದಿರುತ್ತವೆ. ಆನ್ ಕಾಲ್ ವಾರದಲ್ಲಿ ಊರು ಬಿಡದೆ, ಮದುವೆ ಮನೆಗೂ ಲ್ಯಾಪ್‌ಟಾಪ್ ಹೊತ್ತು ಹೋಗುವವರ ಆ ಹೊತ್ತು ಕೆಲಸವೋ ಬಿಡುವೋ ಎಂಬುದು ಬಹಳ ಕಡೆ ಬರೆದಿರುವುದಿಲ್ಲ. ಪಾಳಿ, ಕೆಲಸದ ಅವಧಿ, ರಜೆಗಳನ್ನು ಬರಹದಲ್ಲಿ ಗೊತ್ತುಮಾಡಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಸಂಸ್ಥೆಗಳಿಗೆ ಕರ್ನಾಟಕ ಸರ್ಕಾರ 2014ರಲ್ಲಿ ಕೊಟ್ಟ ವಿನಾಯಿತಿಯನ್ನು 2019ರಲ್ಲೂ 2024ರಲ್ಲೂ ಮುಂದುವರಿಸಿತು. ಯುರೋಪಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮತ್ತೆ ಬೆಂಕಿ ಆರಿಸುವವರಿಂದಲೇ. ಕರೆ ಬಂದರೆ 8 ನಿಮಿಷದಲ್ಲಿ ಠಾಣೆಗೆ ಬರಬೇಕೆಂಬ ಕಟ್ಟಿಗೆ ಒಳಪಟ್ಟಿದ್ದ ಬೆಲ್ಜಿಯಂನ ಅಗ್ನಿಶಾಮಕ ಸ್ವಯಂಸೇವಕರೊಬ್ಬರ ಮೊಕದ್ದಮೆಯಲ್ಲಿ, ಅಂಥ ಕಟ್ಟಿನಡಿ ಮನೆಯಲ್ಲಿ ಕಾಯುವ ಹೊತ್ತೂ ಕೆಲಸದ ಹೊತ್ತೇ ಎಂದು ಯುರೋಪಿನ ನ್ಯಾಯಾಲಯ 2018ರ ಫೆಬ್ರವರಿ 21ರಂದು ತೀರ್ಪು ಕೊಟ್ಟಿತು. ನಿಗಾ ವ್ಯವಸ್ಥೆಯಲ್ಲಿ ಒಬ್ಬರ ಮೊಬೈಲ್ ನಂಬರನ್ನು ಸೇರಿಸುವ ಪ್ರತಿಯೊಂದು ಸಂಸ್ಥೆಯೂ ಅದೇ ದಿನ ಅವರ ಆನ್ ಕಾಲ್ ಭತ್ಯೆಯನ್ನೂ, ರಾತ್ರಿ ಎದ್ದರೆ ಮರುದಿನದ ಬಿಡುವನ್ನೂ ಬರಹದಲ್ಲಿ ಕೊಡಲಿ. ಕರ್ನಾಟಕ ಸರ್ಕಾರ ಅದನ್ನು ಕಡ್ಡಾಯ ಮಾಡಲಿ.